ಪ್ರತಿಕ್ರಿಯೆ: ಓಜಿ-ಕ್ರೀ ಜನರ ನುಡಿ ಮತ್ತು ಲಿಪಿ

ಕೆನಡಾದ ಮೂಲನಿವಾಸಿಗಳಾದ ಓಜಿ-ಕ್ರೀ ಜನರ ನುಡಿಯು ಅಲ್ಲಿನದೇ ಇನ್ನೊಂದು ಮೂಲನಿವಾಸಿ ನುಡಿಯಾದ ಕ್ರೀ ಭಾಷೆಯ ಉಪಭಾಷೆಯೇ, ಅದಕ್ಕೆ ಸ್ವಂತ ಲಿಪಿಯಿದೆಯೇ ಎಂದು ಕೇಳಿದ್ದೀರಿ. ಕೆನಡಾದ ಒಂಟಾರಿಯೊದ ವಾಯವ್ಯ ಭಾಗದಲ್ಲೂ ಮ್ಯಾನಿಟೋಬಾದ ಐಲೆಂಡ್ ಲೇಕ್ ಸುತ್ತಲೂ ಬಳಕೆಯಲ್ಲಿರುವ ಈ ನುಡಿಯನ್ನು ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಕ್ರೀ ಪ್ರಭಾವ ಗಾಢವಾಗಿರುವ, ಓಜಿಬ್ವೆ ಎಂಬ ಮತ್ತೊಂದು ಮೂಲನಿವಾಸಿ ಭಾಷೆಯ ಪ್ರಭೇದವೆಂದೇ ಪರಿಗಣಿಸುತ್ತಾರೆ.

ಬರವಣಿಗೆಗೆ ಬಳಸುವುದು 1840ರಲ್ಲಿ ಮ್ಯಾನಿಟೋಬಾದ ನಾರ್ವೆ ಹೌಸ್ ಎಂಬಲ್ಲಿ ಮಿಷನರಿ ಜೇಮ್ಸ್ ಇವಾನ್ಸ್ ಬಳಕೆಗೆ ತಂದ ಕ್ರೀ ಅಕ್ಷರಮಾಲೆ. ನಮ್ಮ ಕಾಗುಣಿತದಲ್ಲಿ ವ್ಯಂಜನಕ್ಕೆ ಸ್ವರಚಿಹ್ನೆ ಸೇರಿದರೆ, ಅಲ್ಲಿ ಅಕ್ಷರವೇ ದಿಕ್ಕು ಬದಲಿಸುತ್ತದೆ: ಬಾಯಿ ಮೇಲಕ್ಕೆ ತೆರೆದಿರುವ ಕೋನ ‘ಪೇ’ ಆದರೆ, ಅದನ್ನೇ ತಲೆಕೆಳಗು ಮಾಡಿದಾಗ ‘ಪಿ’. ಎಷ್ಟು ಮಿತವ್ಯಯದ ಏರ್ಪಾಡು!

ಓಜಿ-ಕ್ರೀ ಜನರ ಬಹುತೇಕ ಊರುಗಳಿಗೆ ವರ್ಷವಿಡೀ ತೆರೆದಿರುವ ರಸ್ತೆಯಿಲ್ಲದ ಕಾರಣ, ಹೆಪ್ಪುಗಟ್ಟಿದ ಕೆರೆಗಳ ಮೇಲಿನ ಚಳಿಗಾಲದ ದಾರಿಯಲ್ಲೇ ಇಂಧನ ಮತ್ತು ಕಟ್ಟಡ ಸಾಮಗ್ರಿ ಸಾಗುತ್ತವೆ. ಉಳಿದ ಕಾಲದಲ್ಲಿ ವಿಮಾನವೇ ಗತಿ.