ಮೈ ಬಂದರೆ ಏದುಸಿರು ಸಹಜ ಎಂದುಕೊಂಡು ಎರಡು ಮಳೆಗಾಲ ಕಳೆದೆ

ನಲವತ್ತು ದಾಟಿದ ಮೇಲೆ ಮೈ ಬಂದಿದೆ, ಈಗ ರಾತ್ರಿ ಎದೆಯಲ್ಲಿ ಸುಂಯ್ ಎಂಬ ಸದ್ದು, ಮನೆತನದಲ್ಲಿ ಯಾರಿಗೂ ದಮ್ಮು ಇಲ್ಲ. ತೂಕದಿಂದಲೇ ಅಸ್ತಮಾ ಬರಬಹುದೇ ಎಂದು ಕೇಳಿದ್ದೀರಿ. ಬರಬಹುದು. ನಾನು ವೈದ್ಯೆಯಲ್ಲ, ಬದಿಯಡ್ಕದ ಹತ್ತಿರ ಅಡಿಕೆ ತೋಟವಿರುವ ಮನೆಯ ಗೃಹಿಣಿ. ನನಗೆ ಬಂದದ್ದು 43ನೆಯ ವಯಸ್ಸಿನಲ್ಲಿ.

ಆಗ ನನ್ನ ಎತ್ತರ 152 ಸೆಂ.ಮೀ., ತೂಕ 78 ಕಿಲೋ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಹತ್ತಿರ ಹತ್ತಿರ 34. ನಮ್ಮ ದೇಶದವರಿಗೆ 25 ಆದರೆ ಬೊಜ್ಜೆಂದೇ ಲೆಕ್ಕ. ತೋಟದಿಂದ ಮನೆಗೆ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಿದ್ದೆ. ‘ಮೈ ಇಳಿಸು, ಎಲ್ಲ ಸರಿಯಾಗುತ್ತದೆ’ ಎಂದು ಅತ್ತೆಯಿಂದ ಹಿಡಿದು ಜೆಂಬರದಲ್ಲಿ ಪಕ್ಕದ ಎಲೆಗೆ ಕುಳಿತವರ ತನಕ ಎಲ್ಲರೂ ಹೇಳಿದರು. ಮೊದಲು ಕಂಡ ವೈದ್ಯರು ಕೂಡ ಅದನ್ನೇ ಹೇಳಿ ಕಳುಹಿಸಿದರು. ಆಟಿ ತಿಂಗಳ ಮಳೆಯಲ್ಲಿ ನಸುಕಿನ ಮೂರು ಗಂಟೆಗೆ ಎದ್ದು ಕುಳಿತು ಉಸಿರಿಗೆ ತಡಕಾಡಿದ ಮೇಲೆಯೇ ಮಂಗಳೂರಿನ ಶ್ವಾಸಕೋಶ ತಜ್ಞರೊಬ್ಬರನ್ನು ಕಂಡದ್ದು. ಅವರು ಯಂತ್ರಕ್ಕೆ ಊದಿಸಿ, ಮದ್ದು ಎಳೆಸಿ, ಕಾಲು ಗಂಟೆ ಬಿಟ್ಟು ಮತ್ತೆ ಊದಿಸಿದರು. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಎರಡನೆಯ ಸಲ ಶೇ. 12ರಷ್ಟು, ಅದೂ 200 ಮಿ.ಲೀ. ಮೀರಿ ಹೆಚ್ಚಿದರೆ ಅಸ್ತಮಾ ಎಂಬುದಕ್ಕೆ ಅದು ಬಲವಾದ ಸುಳಿವು. ನನ್ನದು ಹೆಚ್ಚಿತು.

ದಮ್ಮು ಬಂದು ಓಡಾಟ ನಿಂತು ಮೈ ಬಂದದ್ದಿರಬಹುದಲ್ಲವೇ ಎಂದು ನಾನೂ ವಾದಿಸಿದ್ದೆ. ಅಮೆರಿಕದಲ್ಲಿ ಸುಮಾರು 85 ಸಾವಿರ ನರ್ಸ್‌ಗಳ ತೂಕವನ್ನು ಮೊದಲೇ ಬರೆದಿಟ್ಟುಕೊಂಡು ನಾಲ್ಕು ವರ್ಷ ಗಮನಿಸಿದ್ದರು. 1999ರಲ್ಲಿ ಫಲಿತಾಂಶ ಬಂತು. ಬಿಎಂಐ 30 ದಾಟಿದವರಲ್ಲಿ ಹೊಸದಾಗಿ ಅಸ್ತಮಾ ಬರುವ ಸಂಭವ, ತೆಳ್ಳಗಿನವರಿಗೆ ಹೋಲಿಸಿದರೆ, ಎರಡೂವರೆ ಪಟ್ಟಿಗೂ ಹೆಚ್ಚಿತ್ತು. ನನ್ನ ವಾದ ಅಲ್ಲಿಗೆ ನಿಂತಿತು.

ಹೊಟ್ಟೆಯ ಬೊಜ್ಜು ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶ ಪೂರ್ತಿ ಅರಳುವುದಿಲ್ಲ, ಉಸಿರ್ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ಅಷ್ಟೇ ಆಗಿದ್ದರೆ ಬರೀ ಭಾರದ ವಿಷಯವೆನ್ನಬಹುದಿತ್ತು. ಆದರೆ ಕೊಬ್ಬು ಸುಮ್ಮನೆ ಕೂರುವ ಮೂಟೆಯಲ್ಲ. ಲೆಪ್ಟಿನ್, ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಾ ಇಡೀ ಮೈಯಲ್ಲಿ ಸಣ್ಣ ಉರಿಯೂತವನ್ನು ಜೀವಂತವಾಗಿಡುತ್ತದೆ. ನಡುವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಿಗೆ, ಹೀಗೆ ಬರುವ ಅಸ್ತಮಾ ಎಷ್ಟೋ ಸಲ ಅಲರ್ಜಿಯದ್ದಲ್ಲ. ಸ್ಟೆರಾಯ್ಡ್ ಇನ್ಹೇಲರ್ ಅದಕ್ಕೆ ಸ್ವಲ್ಪ ಕಡಿಮೆ ನಾಟುತ್ತದೆ. ಹಾಗೆಂದು ಇನ್ಹೇಲರ್ ಬಿಡಬೇಡಿ. ನಾನು ಬಿಟ್ಟು ನೋಡಿ ಅನುಭವಿಸಿದ್ದೇನೆ.

ತೂಕ ಶೇ. 5ರಿಂದ 10 ಇಳಿದರೂ ಹಲವರಿಗೆ ಉಸಿರು ಹಗುರಾಗುತ್ತದೆ. ಕುಚ್ಚಲಕ್ಕಿ ಅನ್ನ ಅರ್ಧ ಮಾಡಿ, ಹಲಸಿನ ಹಪ್ಪಳ ಕರಿಯುವುದನ್ನು ನಿಲ್ಲಿಸಿ (ಇದೇ ಕಷ್ಟದ್ದು, ಹೋಳಿಗೆಯಲ್ಲ), ಒಂದು ವರ್ಷದಲ್ಲಿ 71ಕ್ಕೆ ಬಂದೆ. ಇನ್ಹೇಲರ್ ಇನ್ನೂ ಇದೆ; ನಸುಕಿನಲ್ಲಿ ಏಳುವುದು ನಿಂತಿದೆ.

ನೀವು ವೈದ್ಯರ ಹತ್ತಿರ ಹೋಗುವಾಗ ಗೊರಕೆ, ಹುಳಿತೇಗು ಇದ್ದರೆ ಅದನ್ನೂ, ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಉಸಿರು ಹೇಗಿರುತ್ತದೆ ಎಂಬುದನ್ನೂ ಹೇಳಿ. ಊದಿಸದೆ ‘ಮೈ ಇಳಿಸಿ’ ಎಂದಷ್ಟೇ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕಾಣಿ.