55 ಇಂಚಿನ ಟಿವಿ: 32 ಸಾವಿರದ್ದಾ, 65 ಸಾವಿರದ ಮಿನಿ ಎಲ್‌ಇಡಿನಾ?

32 ಸಾವಿರದ ಸಾದಾ ಟಿವಿನಾ, 65 ಸಾವಿರದ ಮಿನಿ ಎಲ್‌ಇಡಿನಾ ಅಂತ ಕೇಳಿದ್ರಿ. ರಾತ್ರಿ ಲೈಟ್ ಆರಿಸಿ ಓಟಿಟಿಯಲ್ಲಿ ಸಿನಿಮಾ ನೋಡ್ತೀವಿ ಅಂತಲೂ ಅಂದಿದ್ದೀರಿ, ಅದಕ್ಕೇ ಹೇಳ್ತೀನಿ, ಮಿನಿ ಎಲ್‌ಇಡಿನೇ ತಗೊಳ್ಳಿ. ಅಗ್ಗದ ಟಿವಿಯ ಡಬ್ಬದ ಮೇಲೆ ಎಚ್‌ಡಿಆರ್ (ಬೆಳಕು-ಕತ್ತಲೆಯ ವ್ಯತ್ಯಾಸ ಹೆಚ್ಚು ತೋರಿಸೋ ಚಿತ್ರ) ಅಂತ ದೊಡ್ಡದಾಗಿ ಬರೆದಿರುತ್ತೆ, ಆದರೆ ಬೆಳಕು ಸಾಮಾನ್ಯವಾಗಿ 300 ನಿಟ್ಸ್ (ಪರದೆಯ ಬೆಳಕಿನ ಅಳತೆ) ಆಸುಪಾಸಿಗೆ ನಿಂತುಬಿಡುತ್ತೆ, ಕತ್ತಲೆ ಇರೋ ಜಾಗದಲ್ಲಿ ಮಾತ್ರ ಬೆಳಕು ತಗ್ಗಿಸೋ ಲೋಕಲ್ ಡಿಮ್ಮಿಂಗ್ ಇರಲ್ಲ, ಹಾಗಾಗಿ ರಾತ್ರಿಯ ಸೀನ್‌ನಲ್ಲಿ ಕಪ್ಪು ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತೆ. ಮಿನಿ ಎಲ್‌ಇಡಿಯಲ್ಲಿ ಪರದೆಯ ಹಿಂದಿರೋ ಪುಟ್ಟ ದೀಪಗಳು ಗುಂಪು ಗುಂಪಾಗಿ ಮಂಕಾಗುತ್ತವೆ, ಕಪ್ಪು ಕಪ್ಪಾಗೇ ಇರುತ್ತೆ. ಅಮ್ಮನ ಸೀರಿಯಲ್‌ಗೆ, ನ್ಯೂಸ್‌ಗೆ ಮಾತ್ರ ಆಗಿದ್ರೆ 32 ಸಾವಿರದ್ದು ಧಾರಾಳ ಸಾಕು. ಡಿಶ್‌ನ ಎಚ್‌ಡಿ ಚಾನೆಲ್ ಬರೋದೇ 1080 ಗೆರೆಗಳ ಚಿತ್ರವಾಗಿ, ಅದಕ್ಕೆ ದುಬಾರಿ ಟಿವಿ ಬೇಕಿಲ್ಲ, ಅಲ್ವಾ? ಅಂಗಡಿಯವರು ಹಾಕಿ ತೋರಿಸೋ ಡೆಮೊ ವಿಡಿಯೊ ಮಾತ್ರ ನಂಬಬೇಡಿ. ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಒಂದು ಕತ್ತಲೆ ಸೀನ್ ಒಯ್ದು, ಪಿಕ್ಚರ್ ಮೋಡ್ ಸಿನಿಮಾಕ್ಕೆ ಹಾಕಿಸಿ, ಎರಡೂ ಟಿವಿಗಳನ್ನ ಪಕ್ಕಪಕ್ಕ ನೋಡಿ.