ಬಳ್ಳಾರಿಯ ಧೂಳು, ಬಿಸಿಲಿನಲ್ಲಿ ಟರ್ಬೊ ಕಾರು: ಓಪನ್ ಫಿಲ್ಟರ್ ಮೊದಲೋ, ರೀಮ್ಯಾಪ್ ಮೊದಲೋ?

ನೀವು 2014ರ ಪೋಲೊ ಜಿಟಿ ಟಿಎಸ್‌ಐ ಕಾರನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡಿದ್ದೀರಿ, ಅದು 80 ಸಾವಿರ ಕಿಲೋಮೀಟರ್ ಓಡಿದೆ, ಬಳ್ಳಾರಿಯ ಮನೆಯಂಗಳದಲ್ಲೇ ಓಪನ್ ಏರ್ ಫಿಲ್ಟರ್ (ಡಬ್ಬಿಯಿಲ್ಲದೆ ತೆರೆದಿರುವ ಗಾಳಿ ಫಿಲ್ಟರ್) ಕೂರಿಸಿ ಆಮೇಲೆ ಬೆಂಗಳೂರಿಗೆ ಹೋಗಿ ರೀಮ್ಯಾಪ್ (ಹೆಚ್ಚು ಶಕ್ತಿಗಾಗಿ ಎಂಜಿನ್ ಕಂಪ್ಯೂಟರಿನ ಲೆಕ್ಕಾಚಾರವನ್ನು, ಅಂದರೆ ಮ್ಯಾಪನ್ನು, ಬದಲಿಸುವುದು) ಮಾಡಿಸುವ ಆಲೋಚನೆಯಲ್ಲಿದ್ದೀರಿ. ಯಾವುದು ಮೊದಲು ಎಂಬುದು ನಿಮ್ಮ ಪ್ರಶ್ನೆ. ಇದೇ 1.2 ಲೀಟರ್ ಎಂಜಿನ್ನಿನ ಕಾರನ್ನು ನಾನು ಇದೇ ಊರಿನಲ್ಲಿ ಏಳು ವರ್ಷಗಳಿಂದ ಓಡಿಸುತ್ತಿದ್ದೇನೆ ಮತ್ತು ಅದರ ಬಹುಪಾಲು ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಓಪನ್ ಫಿಲ್ಟರ್ ಬೇಡವೇ ಬೇಡ. ರೀಮ್ಯಾಪ್ ಎಲ್ಲಕ್ಕಿಂತ ಕೊನೆಗೆ ಬರಲಿ. ನಮ್ಮ ಕಡೆ ಈ ಕಾರಿಗೆ ಶಕ್ತಿ ಬರುವುದು ಶುದ್ಧವಾದ, ತಂಪಾದ ಗಾಳಿಯಿಂದ, ಮತ್ತು ಅವೆರಡೂ ಇಲ್ಲಿ ಸುಲಭವಾಗಿ ಸಿಗುವುದಿಲ್ಲ.

ಫಿಲ್ಟರಿನ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ಕಾರು ತಂದ ಎರಡನೆಯ ವರ್ಷ ಕಂಪನಿಯ ಫಿಲ್ಟರ್ ಡಬ್ಬಿಯನ್ನು ತೆಗೆದು, ಎಣ್ಣೆ ಸವರಿದ ಹತ್ತಿಬಟ್ಟೆಯ ಶಂಕುವಿನಾಕಾರದ ಫಿಲ್ಟರೊಂದನ್ನು ಹಾಕಿದ್ದೆ. ಟರ್ಬೊದ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗದ) ಸದ್ದು ಚೆನ್ನಾಗಿ ಕೇಳಿಸುತ್ತಿತ್ತು, ಕಾರು ಚುರುಕಾಗಿದೆ ಎಂದೇ ನಂಬಿದ್ದೆ. ಆಗ ಕೆಲಸದ ನಿಮಿತ್ತ ದಿನವೂ ತೋರಣಗಲ್ಲಿನವರೆಗೆ ಹೋಗಿಬರುತ್ತಿದ್ದೆ. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಸಾಲಾಗಿ ಬರುವ ರಸ್ತೆ ಅದು. ಮೂರು ತಿಂಗಳ ನಂತರ ಬೇರೊಂದು ಕೆಲಸಕ್ಕೆಂದು ಫಿಲ್ಟರಿಗೂ ಟರ್ಬೊಗೂ ನಡುವಿನ ರಬ್ಬರ್ ಪೈಪನ್ನು ಬಿಚ್ಚಿದೆ. ಒಳಗೋಡೆಯನ್ನು ಹಳೆಯ ಬಿಳಿ ಪಂಚೆಯ ತುಂಡಿನಿಂದ ಒರೆಸಿದಾಗ ಬಟ್ಟೆ ಕುಂಕುಮ ತಾಗಿದಂತೆ ಕೆಂಪಾಯಿತು. ಅಂದರೆ ಅಷ್ಟು ಧೂಳು ಫಿಲ್ಟರನ್ನು ದಾಟಿ ಬಂದಿತ್ತು. ಟಾರ್ಚ್ ಹಿಡಿದು ಟರ್ಬೊದೊಳಗೆ ಗಾಳಿಯನ್ನು ಒತ್ತುವ ಕಂಪ್ರೆಸರ್ ಚಕ್ರವನ್ನು ನೋಡಿದರೆ ಅದರ ಎಸಳುಗಳ ಅಂಚು ತನ್ನ ಹರಿತವನ್ನು ಕಳೆದುಕೊಂಡು ಮಬ್ಬಾಗಿತ್ತು. ಸಂಡೂರಿನ ಅದಿರು ಹೆಮಟೈಟ್; ಅದರ ಗಡಸುತನ ಮೋಸ್ ಮಾಪಕದಲ್ಲಿ 5.5ರಿಂದ 6.5, ಚಕ್ರದ ಅಲ್ಯೂಮಿನಿಯಂನದು 3ರ ಆಸುಪಾಸು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಮೆದು ಲೋಹಕ್ಕೆ ಗಟ್ಟಿ ಪುಡಿ ಬಡಿಯುತ್ತಿದ್ದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ, ಮತ್ತು ಅಲ್ಲಿ ನಿಲ್ಲದ ಧೂಳು ಮುಂದೆ ಸಿಲಿಂಡರಿಗೇ ಹೋಗುತ್ತದೆ. ಅಂದೇ ಸಂಜೆ ಹಳೆಯ ಡಬ್ಬಿಯನ್ನು ಹುಡುಕಿ ತೆಗೆದು, ಹೊಸ ಕಾಗದದ ಫಿಲ್ಟರ್ ಹಾಕಿ ಮತ್ತೆ ಕೂರಿಸಿದೆ. ಈಗ ಪ್ರತಿ 7,500 ಕಿಲೋಮೀಟರಿಗೆ ಕಾಗದ ಬದಲಿಸುತ್ತೇನೆ. ಡಬ್ಬಿಯ ಮುಚ್ಚಳದ ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡದೆ ಬಾನೆಟ್ ಮುಚ್ಚುವುದಿಲ್ಲ. ಓಪನ್ ಫಿಲ್ಟರ್ ಎಂಜಿನ್ ಕೋಣೆಯ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ ಎಂಬ ದೋಷ ಇದರ ಮೇಲೆ ಇನ್ನೊಂದು.

ಬಿಸಿಗಾಳಿಯ ಲೆಕ್ಕ ಸರಳವಾದದ್ದು. ಗಾಳಿಯ ಉಷ್ಣತೆ 25 ಡಿಗ್ರಿಯಿಂದ 42 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಸುಮಾರು ಶೇ 5ರಷ್ಟು ಇಳಿಯುತ್ತದೆ. ಟರ್ಬೊ ಒತ್ತಡವನ್ನು ಹೆಚ್ಚಿಸಿ ಆ ಕೊರತೆಯನ್ನು ತುಂಬಬಲ್ಲದು, ಆದರೆ ಹಾಗೆ ಒತ್ತಿದ ಗಾಳಿ ಮತ್ತಷ್ಟು ಬಿಸಿಯಾಗುತ್ತದೆ, ಬಿಸಿಯಾದಂತೆ ಎಂಜಿನ್ ನಾಕ್ ಮಾಡುವ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವ) ಸಂಭವ ಹೆಚ್ಚುತ್ತದೆ, ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಂಡೊಡನೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಸರಿಸಿ, ಅಂದರೆ ಕಿಡಿಯನ್ನು ತಡವಾಗಿ ಹಾರಿಸಿ, ಶಕ್ತಿಯನ್ನು ಕಡಿತಗೊಳಿಸುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಕಾರುಗಳು ಮಂಕಾಗುವುದು ಇದೇ ಕಾರಣಕ್ಕೆ. ಬೆಂಗಳೂರಿನ ತಂಪು ಹೊತ್ತಿನಲ್ಲಿ ಅಳತೆ ಮಾಡಿ ಹೊಂದಿಸಿದ ಮ್ಯಾಪ್ ಇಲ್ಲಿ ಹಾಗೆಯೇ ನಡೆಯಲೇಬೇಕೆಂದಿಲ್ಲ. ಆ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಮ್ಮದು ಅದರ ಅರ್ಧದಷ್ಟು ಎತ್ತರದಲ್ಲಿದೆ. ಒತ್ತಡವೂ ಬೇರೆ, ಬಿಸಿಲೂ ಬೇರೆ.

ಆದ್ದರಿಂದ ಮೊದಲು ಒಂದು ಒಬಿಡಿ ಸ್ಕ್ಯಾನರ್ (ಇಸಿಯುವಿನ ಅಂಕಿಗಳನ್ನು ಓದುವ ಸಾಧನ) ಕೊಂಡು, ಒಂದು ವಾರ ಏನನ್ನೂ ಬಿಚ್ಚದೆ ಅಂಕಿಗಳನ್ನಷ್ಟೇ ಬರೆದುಕೊಳ್ಳಿ. ಅವುಗಳಲ್ಲಿ ಮುಖ್ಯವಾದದ್ದು ಇನ್‌ಟೇಕ್ ಗಾಳಿಯ ಉಷ್ಣತೆ. ಈ ಎಂಜಿನ್ನಿನಲ್ಲಿ ಟರ್ಬೊ ಒತ್ತಿದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಬೇರೆ ಕಾರುಗಳಂತೆ ಬಂಪರಿನ ಹಿಂದೆ ಇರುವುದಿಲ್ಲ. ಅದು ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ಒಳಗೇ ಕುಳಿತು ಕೂಲಂಟಿನಿಂದ ತಂಪಾಗುತ್ತದೆ. ಅದಕ್ಕೆಂದೇ ಪ್ರತ್ಯೇಕ ಪುಟ್ಟ ರೇಡಿಯೇಟರ್ ಮತ್ತು ವಿದ್ಯುತ್ ಪಂಪ್ ಇವೆ. ಇದನ್ನು ತಿಳಿಯದೆ ಮುಂದೆ ದೊಡ್ಡ ಇಂಟರ್‌ಕೂಲರ್ ಹಾಕಿಸಿ ಎಂದು ಸಲಹೆ ಕೊಡುವವರು ಬಹಳ ಜನ ಸಿಗುತ್ತಾರೆ, ಅವರ ಮಾತನ್ನು ಬಿಟ್ಟುಬಿಡಿ. ಕಳೆದ ವರ್ಷ ಮೇ ತಿಂಗಳಲ್ಲಿ ಹೊಸಪೇಟೆ ರಸ್ತೆಯಲ್ಲಿ, ಹೊರಗೆ 40 ಡಿಗ್ರಿ ಇದ್ದಾಗ ನನ್ನ ಕಾರಿನ ಮ್ಯಾನಿಫೋಲ್ಡಿನಲ್ಲಿ 71 ಡಿಗ್ರಿ ತೋರಿಸುತ್ತಿತ್ತು. ಪಂಪ್ ಕೆಟ್ಟಿದೆ ಎಂದುಕೊಂಡು ಅದಕ್ಕೆ ಕೈಯಿಟ್ಟು ನೋಡಿದೆ, ಅದು ಸರಿಯಾಗಿಯೇ ತಿರುಗುತ್ತಿತ್ತು. ಬಂಪರ್ ಬಿಚ್ಚಿದಾಗ ರೇಡಿಯೇಟರುಗಳ ನಡುವಿನ ಸಂದಿಯಲ್ಲಿ ಹುಳುಗಳ ರೆಕ್ಕೆ, ಜಾಲಿಯ ಎಲೆ ಮತ್ತು ಕೆಂಪು ಧೂಳು ಸೇರಿ ಜಮಖಾನೆಯಂತೆ ಹಾಸಿಕೊಂಡಿದ್ದವು. ವಾಟರ್ ಸರ್ವಿಸ್‌ನ ಜೋರಾದ ಪೈಪು ಹಿಡಿದರೆ ರೇಡಿಯೇಟರಿನ ತೆಳು ಲೋಹದ ರೆಕ್ಕೆಗಳು ಬಾಗಿಹೋಗುತ್ತವೆ, ಹಾಗಾಗಿ ತೋಟಕ್ಕೆ ನೀರು ಹಾಯಿಸುವ ಪೈಪಿನಿಂದ ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ ನಿಧಾನವಾಗಿ ತೊಳೆದೆ. ಮರುದಿನ ಅದೇ ರಸ್ತೆ, ಅದೇ ಹೊತ್ತು, ಉಷ್ಣತೆ 56 ಡಿಗ್ರಿ. ಬಂಪರಿನ ಎರಡು ಕ್ಲಿಪ್ ಮುರಿದದ್ದು ಬಿಟ್ಟರೆ ಖರ್ಚೇನೂ ಆಗಲಿಲ್ಲ. ಕಾರು ಮಾತ್ರ ಹಣ ಕೊಟ್ಟು ಮಾಡಿಸಿದ ಯಾವ ಮಾರ್ಪಾಡಿಗಿಂತಲೂ ಹೆಚ್ಚು ಬದಲಾಯಿತು.

ಅದರ ಜೊತೆಗೆ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಇಂಧನವನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡಿಕೊಂಡಿದೆ ಎಂಬ ಅಂಕಿ) ನೋಡಿ. ಇ20 (ಶೇ 20 ಎಥನಾಲ್) ಪೆಟ್ರೋಲಿನಲ್ಲಿ ಎಥನಾಲ್ ಹೆಚ್ಚಿರುವುದರಿಂದ, ಇ10 (ಶೇ 10 ಎಥನಾಲ್) ಕಾಲದ ಮ್ಯಾಪಿಗೆ ಹೋಲಿಸಿದರೆ ಶೇ 4ರಷ್ಟು ಹೆಚ್ಚುವರಿ ಇಂಧನ ಬೇಕಾಗುವುದು ಸಹಜ. ಅದಕ್ಕಿಂತ ಬಹಳ ಮೇಲೆ, ಶೇ 10ರ ಹತ್ತಿರ ಇದ್ದರೆ ಎಲ್ಲೋ ಪೈಪು ಸಡಿಲವಾಗಿ ಗಾಳಿ ಸೋರುತ್ತಿದೆಯೇ ಎಂದು ಹುಡುಕಬೇಕು. ಸ್ಪಾರ್ಕ್ ಪ್ಲಗ್‌ಗಳನ್ನು ಈಗಲೇ ಬದಲಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಬಿಚ್ಚಿ. ಈ ಎಂಜಿನ್ ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುವುದರಿಂದ ಇನ್‌ಟೇಕ್ ವಾಲ್ವುಗಳ ಬೆನ್ನು ಪೆಟ್ರೋಲಿನಿಂದ ತೊಳೆದುಹೋಗುವುದಿಲ್ಲ, ಅಲ್ಲಿ ಇಂಗಾಲ ಕಟ್ಟುತ್ತದೆ. 80 ಸಾವಿರ ಕಿಲೋಮೀಟರಿಗೆ ಅದನ್ನೊಮ್ಮೆ ನೋಡಿಸುವುದು ಒಳ್ಳೆಯದು.

ಅಂಗಳದ ಕೆಲಸದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಮನೆಗಳ ಮುಂದೆ ಹಾಸಿರುವುದು ಸಾಮಾನ್ಯವಾಗಿ ಶಹಾಬಾದ್ ಕಲ್ಲು, ಅದರಾಚೆ ಎರೆ ಮಣ್ಣು. ಎರಡೂ ಜಾಕಿಗೆ ನಂಬಿಕಸ್ಥ ನೆಲವಲ್ಲ. ಒಮ್ಮೆ ನಾನು ಕಲ್ಲಿನ ಮೇಲೆ ನೇರವಾಗಿ ಜಾಕ್ ಇಟ್ಟು ಎತ್ತಿದಾಗ, ಹಾಸಿನ ಕೆಳಗೆ ಮಣ್ಣು ಟೊಳ್ಳಾಗಿದ್ದರಿಂದ ಕಲ್ಲು ಫಟ್ಟೆಂದು ಎರಡಾಗಿ ಸೀಳಿ ಜಾಕ್ ಒಂದು ಬದಿಗೆ ವಾಲಿತು. ನಾನು ಇನ್ನೂ ಕಾರಿನ ಕೆಳಗೆ ಹೋಗಿರಲಿಲ್ಲ. ಅಂದಿನಿಂದ ಎರಡಿಂಚು ದಪ್ಪದ, ಎರಡಡಿ ಉದ್ದದ ಮರದ ಹಲಗೆಗಳನ್ನು ಕೆಳಗೆ ಹಾಕಿ, ಎರಡು ಜಾಕ್ ಸ್ಟ್ಯಾಂಡುಗಳ ಮೇಲೆ ಭಾರ ಇಳಿಸಿ, ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ತಳ್ಳಿ ಆಮೇಲೆ ಮಲಗುತ್ತೇನೆ. ಚಕ್ರದ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ 120 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಪಾನದ ಮೇಲೆ ಕಾಲಿಟ್ಟು ತುಳಿಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಕೂಲಂಟಿಗೆ ಬೋರ್‌ವೆಲ್ ನೀರನ್ನು ಎಂದೂ ಬೆರೆಸಬೇಡಿ. ನಮ್ಮ ಸವಳು ನೀರು ಪಾತ್ರೆಯ ತಳದಲ್ಲಿ ಬಿಡುವ ಬಿಳಿ ಪೊರೆ ಆ ಪುಟ್ಟ ಇಂಟರ್‌ಕೂಲರಿನ ಒಳಗೂ ಕಟ್ಟುತ್ತದೆ. ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ.

ಮನೆಯಲ್ಲಿ ಮುಟ್ಟಬಾರದವು ಮೂರು: ನೂರು ಬಾರ್‌ಗೂ ಮೀರಿದ ಒತ್ತಡದ ಪೆಟ್ರೋಲ್ ಪೈಪುಗಳು, ಟೈಮಿಂಗ್ ಚೈನ್ (ವಾಲ್ವುಗಳನ್ನು ಎಂಜಿನ್ನಿನ ತಿರುಗುವಿಕೆಗೆ ಹೊಂದಿಸುವ ಸರಪಳಿ) ಮತ್ತು ಎರಡು ಕ್ಲಚ್ಚಿನ, ತಾನೇ ಗೇರ್ ಬದಲಿಸುವ ಡಿಎಸ್‌ಜಿ ಗೇರ್‌ಬಾಕ್ಸ್. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಗರಗರ ಸದ್ದು ಒಂದೆರಡು ಸೆಕೆಂಡಿಗಿಂತ ಹೆಚ್ಚು ಕೇಳಿದರೆ ಚೈನ್ ನೋಡಿಸದೆ ಬೇರೆ ಯಾವ ಕೆಲಸಕ್ಕೂ ಹಣ ಹಾಕಬೇಡಿ. ಗೇರ್‌ಬಾಕ್ಸ್ ಒಣ ಕ್ಲಚ್ಚಿನದು, ಅದರ ಟಾರ್ಕ್ (ತಿರುಗಿಸುವ ಬಲ) ಮಿತಿ 250 ನ್ಯೂಟನ್ ಮೀಟರ್. ಕಂಪನಿಯಿಂದ ಬಂದಾಗ ಎಂಜಿನ್ ಕೊಡುವುದು 175. ಆ ಅಂತರವನ್ನು ಪೂರ್ತಿ ತಿಂದುಹಾಕುವ ಮ್ಯಾಪನ್ನು, ಅದರಲ್ಲೂ ಬಿಸಿಲಿನ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿಗೆ, ನಾನು ಒಪ್ಪುವುದಿಲ್ಲ. ಬ್ರೇಕ್ ಆಯಿಲ್ ಎರಡು ವರ್ಷ ಮೀರಿದ್ದರೆ, ಟೈರ್ ಗಟ್ಟಿಯಾಗಿದ್ದರೆ, ಅವುಗಳ ಖರ್ಚು ಮ್ಯಾಪಿಗಿಂತ ಮೊದಲು.

ಕಾನೂನನ್ನೂ ತಿಳಿದಿರಿ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಕಲಂ 182-ಎ ಅಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆಸುವ, ಟರ್ಬೊದ ನಂತರದ ಹೊಗೆ ಪೈಪಾದ ಡೌನ್‌ಪೈಪನ್ನು ಯಾರು ಎಷ್ಟೇ ಹೊಗಳಿದರೂ ಹಾಕಬೇಡಿ. ರೀಮ್ಯಾಪ್ ಮಾಡಿಸಿದರೆ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಅವರ ಉತ್ತರ ಕೈಗೆ ಬಂದ ಮೇಲೆ ಮುಂದುವರಿಯಿರಿ.

ಇಷ್ಟೆಲ್ಲ ಮುಗಿದು, ಅಂಕಿಗಳು ಒಂದು ತಿಂಗಳು ಸ್ಥಿರವಾಗಿ ನಿಂತ ಮೇಲೆ ಬೆಂಗಳೂರಿಗೆ ಹೊರಡಿ. ಹೋಗುವಾಗ ಇಲ್ಲಿನ ಮಧ್ಯಾಹ್ನದ ಅಂಕಿಗಳ ಲಾಗ್‌ಗಳನ್ನು ಜೊತೆಗೊಯ್ದು, ಈ ಉಷ್ಣತೆಗೆ ತಕ್ಕಂತೆ ಟೈಮಿಂಗ್ ಇಡಿ ಎಂದು ಕೇಳಿ. ಊರಿಗೆ ಮರಳಿದ ನಂತರ ಬಿಸಿಲಲ್ಲಿ ಮತ್ತೊಮ್ಮೆ ಲಾಗ್ ಮಾಡಿ, ನಾಲ್ಕು ಸಿಲಿಂಡರುಗಳಲ್ಲಿ ಯಾವುದರ ಟೈಮಿಂಗ್ ಎಷ್ಟು ಹಿಂದೆ ಸರಿಯುತ್ತಿದೆ ಎಂದು ಅವರಿಗೆ ಕಳುಹಿಸಿ. ಅದನ್ನು ನೋಡಿ ಮ್ಯಾಪ್ ತಿದ್ದಿಕೊಡಲು ಒಪ್ಪದವರಿಗೆ ಕಾರನ್ನು ಕೊಡಬೇಡಿ. ಸದ್ಯಕ್ಕೆ ಈ ಭಾನುವಾರ, ಬಿಸಿಲೇರುವ ಮುನ್ನ, ಫಿಲ್ಟರಿನ ನಂತರದ ಪೈಪನ್ನು ಬಿಚ್ಚಿ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಹಿಂದಿನ ಮಾಲೀಕರು ಏನು ಹಾಕಿ ಓಡಿಸಿದ್ದರೋ ಗೊತ್ತಿಲ್ಲವಲ್ಲ. ಬಟ್ಟೆಯ ಬಣ್ಣವನ್ನೂ ಇನ್‌ಟೇಕ್ ಉಷ್ಣತೆಯನ್ನೂ ಇಲ್ಲಿ ಬರೆದರೆ ಮುಂದಿನದನ್ನು ಹೇಳುತ್ತೇನೆ.